ನಾಲ್ಕು ತಿಂಗಳು ಒಣಗದ ಊರಿಗೆ ಎಂಥ ಮಾಡು?

ಕುಂಬಳೆಯಲ್ಲಿ ತಮ್ಮನ ಮನೆಯ ಮಾಡಿನ, ಅಂದರೆ ಛಾವಣಿಯ, ಅಡಿಗೆ ಏಣಿ ಇಟ್ಟು ಹತ್ತಿ, ಪ್ಲೈವುಡ್ಡಿಗೆ ಹೆಬ್ಬೆರಳು ಒತ್ತಿ ನೋಡಿದೆ. ಹಣ್ಣಾದ ಹಲಸಿಗೆ ಒತ್ತಿದ ಹಾಗೆ ಒಳಗೆ ಹೋಯಿತು. ಶಿಂಗಲ್ಸ್ ಎಂಬ ಡಾಂಬರಿನ ತೆಳು ಹೊದಿಕೆ ಹಾಕಿಸಿ ಅದು ಮೂರನೆಯ ಮಳೆಗಾಲ. ಹೊರಗಿನಿಂದ ಒಂದು ಹನಿ ನೀರೂ ಇಳಿದಿರಲಿಲ್ಲ, ಶಿಂಗಲ್ಸ್ ಎಲ್ಲೂ ಹರಿದಿರಲಿಲ್ಲ. ಅಡುಗೆಮನೆಯ ಹಬೆ, ಬಚ್ಚಲಿನ ಹಬೆ, ಒಳಗೆ ಹಗ್ಗ ಕಟ್ಟಿ ಒಣಗಲು ಹಾಕಿದ ಬಟ್ಟೆಯ ಪಸೆ, ಎಲ್ಲವೂ ಮೇಲೆ ಹೋಗಿ, ಹೊರಗೆ ದಾರಿ ಕಾಣದೆ ಅಲ್ಲಿಯೇ ಕೂತು ಹಲಗೆಯನ್ನು ಕೊಳೆಸಿತ್ತು. ಮಾಡು ಮಾಡಿಕೊಟ್ಟವರು ಗಾಳಿಗೆ ಒಂದು ಕಿಂಡಿಯನ್ನೂ ಬಿಟ್ಟಿರಲಿಲ್ಲ.

ಅಂದಿನಿಂದ ಮಾಡಿನ ವಿಷಯ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಸೋರುತ್ತದೋ ಇಲ್ಲವೋ ಎಂಬುದು ಅರ್ಧ ಪ್ರಶ್ನೆ. ನೆನೆದದ್ದು ಒಣಗುತ್ತದೋ ಎಂಬುದು ಇನ್ನರ್ಧ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗಿಯುತ್ತದೆ. ಜುಲೈ ಆಗಸ್ಟಿನ ಆಟಿ ತಿಂಗಳಲ್ಲಿ ಜಗಲಿಯ ಹಗ್ಗದ ಮೇಲಿನ ಬೈರಾಸು (ಟವೆಲು) ಮೂರು ದಿನವಾದರೂ ಒಣಗುವುದಿಲ್ಲ. ಹಂಚು ಕೂರುವ ಮರದ ಪಟ್ಟಿ, ಮಾಡಿನ ರೀಪು, ಹೇಗೆ ಒಣಗೀತು?

ನನ್ನ ಮನೆ ಪೆರ್ಲದ ಹತ್ತಿರ, ಅಡಿಕೆ ತೋಟದ ಮಗ್ಗುಲಲ್ಲಿ, ಹಂಚಿನದ್ದು. ತಮ್ಮ ಗಲ್ಫಿನಲ್ಲಿ ಇರುವುದರಿಂದ ಅವನ ಮನೆಯ ಕೆಲಸಕ್ಕೂ ನಾನೇ ನಿಂತದ್ದು. ಕುಂಬಳೆಯ ಆ ಮನೆಯಲ್ಲಿ ರಾತ್ರಿ ಕಡಲಿನ ಸದ್ದು ಕೇಳುತ್ತದೆ. ಜಿಲ್ಲೆ ಒಂದೇ ಆದರೂ ಎರಡು ಮನೆಗೂ ಒಂದೇ ಮಾಡು ಆಗಿಬರಲಿಲ್ಲ.

ಅಂಗಡಿಗೆ ಹೋಗುವ ಮೊದಲು

ಜೋರು ಮಳೆ ಬರುವಾಗ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬನ್ನಿ. ಯಾವ ಗೋಡೆ ಎಷ್ಟು ಎತ್ತರದವರೆಗೆ ನೆನೆದಿದೆ, ಎರಚಲು ಜಗಲಿಯಲ್ಲಿ ಎಲ್ಲಿಯವರೆಗೆ ಬರುತ್ತದೆ ಎಂದು ನೋಡಿ ಇದ್ದಿಲಿನಿಂದ ಗೆರೆ ಎಳೆಯಿರಿ. ಗಾಳಿ ಕಡಲಿನ ಕಡೆಯಿಂದ ಬರುವ ಕಾರಣ ಹೆಚ್ಚಿನ ಮನೆಗಳಲ್ಲಿ ಪಶ್ಚಿಮ, ದಕ್ಷಿಣದ ಮೈ ಹೆಚ್ಚು ನೆನೆಯುತ್ತದೆ. ಆ ಕಡೆಗೆ ಮಾಡಿನ ಸೂರು ಗೋಡೆಯಿಂದ ಎರಡೂವರೆ, ಮೂರು ಅಡಿ ಮುಂದೆ ಬರಲಿ. ಮುರಕಲ್ಲಿನ ಗೋಡೆಗೆ ಗಾರೆ ಇಲ್ಲದಿದ್ದರೆ ಇದು ಇನ್ನೂ ಮುಖ್ಯ.

ಆಮೇಲೆ ಮರಗಳನ್ನು ನೋಡಿ. ತೆಂಗು ಮಾಡಿನ ಮೇಲೆ ಬಾಗಿದೆಯಾ, ಅಡಿಕೆಯ ಹಾಳೆ ಬೀಳುತ್ತದಾ, ಬಿಸಿಲು ದಿನಕ್ಕೆ ಎಷ್ಟು ಗಂಟೆ ತಾಗುತ್ತದೆ. ನೆರಳಿನಲ್ಲೇ ಇರುವ ಮಾಡಿಗೆ ಹಾವಸೆ (ಪಾಚಿ) ಹಿಡಿಯದೆ ಇರುವುದಿಲ್ಲ. ನಮ್ಮ ಕಡೆ ಮಂಗಗಳ ಕಾಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ಹಿಂಡು ಹಾದುಹೋದರೆ ಹತ್ತು ಹಂಚು ಒಡೆದಿರುತ್ತದೆ.

ಮೂರನೆಯದು ಇಳಿಜಾರು. ರಸಮಟ್ಟವನ್ನು ಪಕ್ಕಾಸಿಗೆ, ಅಂದರೆ ಮಾಡನ್ನು ಹೊರುವ ಇಳಿಜಾರಿನ ಮರಕ್ಕೆ, ತಾಗಿಸಿ ಅಡ್ಡಕ್ಕೆ ಸಮ ಹಿಡಿದು, ತಾಗಿದ ತುದಿಯಿಂದ 12 ಇಂಚು ಅಳೆದು, ಅಲ್ಲಿಂದ ಪಕ್ಕಾಸಿಗೆ ನೇರ ಎಷ್ಟು ಇಂಚು ಇದೆ ನೋಡಿ. 7 ಇಂಚು ಬಂದರೆ ಸುಮಾರು 30 ಡಿಗ್ರಿ, ಮಂಗಳೂರು ಹಂಚಿಗೆ ಧೈರ್ಯವಾಗಿ ಸಾಕು. ನನ್ನ ಮನೆಯದ್ದು 8 ಇಂಚು. ಶಿಂಗಲ್ಸಿಗೆ 4 ಇಂಚು ಇದ್ದರೆ ಆಗುತ್ತದೆ; 2ರಿಂದ 4ರ ನಡುವೆ ಇದ್ದರೆ ಅಡಿಯ ಹಾಸು ಎರಡು ಪದರ ಬೇಕು; 2ಕ್ಕಿಂತ ಕಮ್ಮಿ ಇದ್ದರೆ ಶಿಂಗಲ್ಸಿನ ಮಾತೇ ಬೇಡ. ಈ ಒಂದು ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅಂಗಡಿಯವರ ಅರ್ಧ ಮಾತು ತಾನಾಗಿ ನಿಲ್ಲುತ್ತದೆ.

ಹಂಚು

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು. ಅದಕ್ಕೂ ಮೊದಲು ಇಲ್ಲಿಯ ಮನೆಗಳಿಗೆ ಮುಳಿಹುಲ್ಲು, ಅಡಿಕೆಯ ಸೋಗೆ, ತೆಂಗಿನ ಮಡಲು. ಅದನ್ನು ವರ್ಷ ವರ್ಷ ಹೊದಿಸುವ ಕಷ್ಟವನ್ನು ಅಜ್ಜಿ ಹೇಳುತ್ತಿದ್ದದ್ದು ನನಗೆ ನೆನಪಿದೆ. ಹಂಚು ಇಷ್ಟು ವರ್ಷ ಬಾಳಿದ್ದಕ್ಕೆ ಕಾರಣ ಅದು ನೀರನ್ನು ಪೂರ್ತಿ ತಡೆಯುವುದರಿಂದ ಎಂದು ತುಂಬ ಜನ ತಿಳಿದಿದ್ದಾರೆ. ನಿಜಕ್ಕೂ ಹಂಚು ನೀರು ಕುಡಿಯುತ್ತದೆ. ಆದರೆ ಸಂದುಗಳಲ್ಲಿ ಗಾಳಿ ಆಡುವುದರಿಂದ, ಎರಡು ಗಂಟೆ ಮಳೆ ಬಿಟ್ಟು ಹೊಳವಾದರೂ ಮೇಲೂ ಕೆಳಗೂ ಒಣಗಲು ಶುರುವಾಗುತ್ತದೆ. ಇದನ್ನು ನನಗೆ ಕಣ್ಣಾರೆ ತೋರಿಸಿದವರು ನಮ್ಮ ಮಾಡಿನ ಕೆಲಸದ ಆಚಾರ್ರು. ಅಟ್ಟದಲ್ಲಿ ಒಂದು ಊದುಬತ್ತಿ ಹೊತ್ತಿಸಿ, "ಹೊಗೆ ಎಲ್ಲಿ ಹೋಗ್ತದೆ ನೋಡಿ ಅಕ್ಕಾ" ಎಂದರು. ಹೊಗೆ ನೆಟ್ಟಗೆ ಎದ್ದು, ಹಂಚಿನ ಸಂದಿನ ಕಡೆಗೆ ಬಾಗಿ, ಎಳೆಎಳೆಯಾಗಿ ಹೊರಗೆ ಹೋಯಿತು. ಆಮೇಲೆ ಅವರನ್ನೇ ಕುಂಬಳೆಗೆ ಕರೆದುಕೊಂಡು ಹೋಗಿ ಅದೇ ಊದುಬತ್ತಿ ಹಚ್ಚಿಸಿದೆ. ಹೊಗೆ ಮೇಲೆ ಹೋಗಿ ಹಲಗೆಗೆ ತಾಗಿ, ಸುರುಳಿ ಸುತ್ತಿ, ಅಲ್ಲಿಯೇ ನಿಂತಿತು. ನಿಮ್ಮ ಮನೆಯಲ್ಲೂ ಈ ಪರೀಕ್ಷೆ ಮಾಡಿ. ಖರ್ಚು ಒಂದು ಕಡ್ಡಿ.

ಹಂಚು ಕೊಳ್ಳುವಾಗ ಲೋಡಿನ ಮೇಲಿನ ಸಾಲು ನೋಡಿ ಒಪ್ಪಬೇಡಿ. ಬೇರೆ ಬೇರೆ ಸಾಲಿನಿಂದ ಹತ್ತು ಹಂಚು ತೆಗೆಸಿ. ಬೆರಳಿನ ಗೆಣ್ಣಿನಿಂದ ಹೊಡೆದರೆ ಟಣ್ ಎನ್ನಬೇಕು; ಡಬ್ ಎಂದರೆ ಬೆಂದದ್ದು ಸಾಲದು, ಇಲ್ಲವೇ ಒಳಗೆ ಬಿರುಕು ಉಂಟು. ಸಮನೆಲದಲ್ಲಿ ಇಟ್ಟರೆ ತೂಗಾಡಬಾರದು. ಎರಡನ್ನು ಒಂದಕ್ಕೊಂದು ಕೂರಿಸಿ ಬೆಳಕಿಗೆ ಹಿಡಿದರೆ ಕೊಂಡಿಯ ಸಂದಿನಲ್ಲಿ ಬೆರಳು ತೂರುವಷ್ಟು ಜಾಗ ಕಾಣಬಾರದು. ಕೊನೆಗೆ ತೂಕ. ಎರಡು ಕಡೆಯಿಂದ ಒಂದೊಂದು ಹಂಚು ತಂದು, ಒಣಗಿದ್ದನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಲ್ಲಿ ಮುಳುಗಿಸಿಟ್ಟು, ಒರಸಿ ಮತ್ತೆ ತೂಗಿದೆ. ಒಂದು 2.4 ಕಿಲೋ ಇದ್ದದ್ದು 2.75 ಆಯಿತು. ಇನ್ನೊಂದು 2.3 ಇದ್ದದ್ದು 2.85. ಬಣ್ಣದಲ್ಲಿ ಎರಡನೆಯದೇ ಚಂದ. ನಾನು ಕೊಂಡದ್ದು ಮೊದಲನೆಯದ್ದು.

ಆ ವ್ಯತ್ಯಾಸ ಸಣ್ಣದಲ್ಲ. 1000 ಚದರ ಅಡಿ ಮಾಡಿಗೆ 1400ರಷ್ಟು ಹಂಚು ಬೇಕು. ಒಣಗಿದ್ದಾಗಲೇ ಮೂರೂವರೆ ಟನ್ ಹತ್ತಿರ. ಒಳ್ಳೆಯ ಹಂಚಾದರೂ ಮಳೆಯಲ್ಲಿ ಅರ್ಧ ಟನ್ ಹೆಚ್ಚಾಗುತ್ತದೆ. ಕಿರಾಲುಬೋಗಿ ಎಂಬ ಗಟ್ಟಿ ಮರದ ಹಳೆಯ ಪಕ್ಕಾಸು ಅದನ್ನು ಹೊರುತ್ತದೆ. ಶೀಟಿಗೆ ಎಂದು ಲೆಕ್ಕ ಹಾಕಿ ಮಾಡಿದ ಕಬ್ಬಿಣದ ಟ್ರಸ್ಸಿನ (ಮಾಡಿನ ಚೌಕಟ್ಟಿನ) ಮೇಲೆ ಆಮೇಲೆ ಮನಸ್ಸು ಬದಲಾಯಿಸಿ ಹಂಚು ಏರಿಸುವುದು ಅಪಾಯ. ಹಂಚು ಹಾಕುವುದಾದರೆ ಟ್ರಸ್ಸಿನವರಿಗೆ ಮೊದಲೇ ಹೇಳಿ, ನೆನೆದ ಹಂಚಿನ ತೂಕವನ್ನೇ ಹೇಳಿ.

ಇನ್ನೊಂದು ವಿಷಯ. ಒಂದು ಕಾರ್ಖಾನೆಯ ಹಂಚಿಗೆ ಇನ್ನೊಂದರದ್ದು ಸರಿಯಾಗಿ ಕೂರುವುದಿಲ್ಲ, ಕೊಂಡಿಯ ಅಳತೆ ಕೂದಲೆಳೆಯಷ್ಟು ಬೇರೆ ಇರುತ್ತದೆ. ಹಾಗಾಗಿ ಕೊಳ್ಳುವಾಗಲೇ ಐವತ್ತು ಹೆಚ್ಚು ಕೊಂಡು ಕೊಟ್ಟಿಗೆಯ ಹಿಂದೆ ಅಡ್ಡಕ್ಕೆ ಜೋಡಿಸಿಡಿ. ಗಾಜಿನ ಹಂಚೂ ಅದೇ ಅಳತೆಯದ್ದು ಎರಡು ಹೆಚ್ಚಿರಲಿ.

ಶಿಂಗಲ್ಸ್

ತಮ್ಮನ ಮನೆಯ ಅನುಭವದಿಂದ ನಾನು ಶಿಂಗಲ್ಸನ್ನು ದೂರುವವಳಲ್ಲ. ತೂಕ ಹಂಚಿನ ಸುಮಾರು ಮೂರನೆಯ ಒಂದು ಭಾಗ, ಮಂಗ ಓಡಾಡಿದರೆ ಒಡೆಯುವುದಿಲ್ಲ, ಬಾಗಿದ ಮಾಡಿಗೂ ಕೂರುತ್ತದೆ. ಗಾಜುನಾರಿನ ಹಾಸಿಗೆ ಡಾಂಬರು ಹಚ್ಚಿ ಮೇಲೆ ಕಲ್ಲಿನ ಹರಳು ಉದುರಿಸಿ ಮಾಡಿದ ವಸ್ತು ಅದು. ಅಮೆರಿಕದಲ್ಲಿ ಹೆಚ್ಚಿನ ಮನೆಗಳಿಗೆ ಅದೇ. ಹಾಗಾಗಿ ಕ್ಯಾಟಲಾಗ್‌ನಲ್ಲಿ ಆಲಿಕಲ್ಲಿನ ಪೆಟ್ಟು, ಹಿಮದ ಭಾರ ಎಂದೆಲ್ಲ ಬರೆದಿರುತ್ತದೆ. ಅದಕ್ಕೆ ಹೆಚ್ಚು ಹಣ ಕೊಡಬೇಡಿ. ನಮಗೆ ಬೇಕಾದ್ದು ಬೇರೆ ನಾಲ್ಕು.

ಮೊದಲನೆಯದು ಗಾಳಿ. ಕಟ್ಟಡಗಳ ಮೇಲಿನ ಗಾಳಿಯ ಲೆಕ್ಕಕ್ಕೆ ಇರುವ ಭಾರತೀಯ ಮಾನಕ ಐಎಸ್ 875ರಲ್ಲಿ ನಮ್ಮ ಕರಾವಳಿಗೆ ಹಿಡಿದ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್. ಶಿಂಗಲ್ಸಿನ ಕಟ್ಟಿನ ಮೇಲೆ ಏಎಸ್‌ಟಿಎಮ್ ಡಿ 3161 (ಗಾಳಿಯ ಪರೀಕ್ಷೆಯ ಅಮೆರಿಕದ ಮಾನಕ) ಎಂದು ಇದ್ದರೆ ಅದರ ಪಕ್ಕದ ಅಕ್ಷರ ಓದಿ. ಕ್ಲಾಸ್ ಎ ಎಂದರೆ 97 ಕಿಲೋಮೀಟರ್ ಗಾಳಿಗೆ ಪರೀಕ್ಷಿಸಿದ್ದು, ಸಾಲದು. ಕ್ಲಾಸ್ ಎಫ್ ಎಂದರೆ 177, ಅದನ್ನೇ ಕೇಳಿ. ಒಂದು ಶಿಂಗಲ್ಸಿಗೆ ನಾಲ್ಕು ಮೊಳೆ ಹೊಡೆಯುವುದು ವಾಡಿಕೆ. ಕಡಲಿನ ಹತ್ತಿರ ಆರು ಹೊಡೆಸಿ, ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಲಿ. ತಮ್ಮನ ಮನೆಯಲ್ಲಿ ಕಿತ್ತ ಮೊಳೆಗಳ ತಲೆ ಉಪ್ಪುಗಾಳಿಗೆ ಬೆಲ್ಲದ ಪುಡಿಯ ಹಾಗೆ ಉದುರುತ್ತಿತ್ತು.

ಎರಡನೆಯದು ಪಾಚಿ. ನಮ್ಮ ಪಸೆಯಲ್ಲಿ ಶಿಂಗಲ್ಸಿನ ಮೇಲೆ ಕಪ್ಪು ಗೆರೆ ಇಳಿಯುವುದು ಖಂಡಿತ. ಹರಳಿನಲ್ಲಿ ತಾಮ್ರ ಬೆರೆಸಿದ ಬಗೆ ಸಿಗುತ್ತದೆ, ಅದನ್ನು ಕೇಳಿ ಪಡೆಯಿರಿ. ಈಗಾಗಲೇ ಹಾಕಿಸಿದ್ದರೆ ನೆತ್ತಿಯ ಅಂಚಿನಲ್ಲಿ ತಾಮ್ರದ ಅಥವಾ ಸತುವಿನ ಪಟ್ಟಿ ಕೂರಿಸಬಹುದು. ಮಳೆನೀರು ಅದರ ಮೇಲೆ ಹಾದು ಕೆಳಗೆ ಇಳಿಯುವಾಗ ಪಾಚಿ ಬೆಳೆಯದ ಹಾಗೆ ತಡೆಯುತ್ತದೆ. ಕಾರು ತೊಳೆಯುವ ಪ್ರೆಷರ್ ಪೈಪು ಮಾತ್ರ ಹಿಡಿಯಬೇಡಿ. ಹರಳೆಲ್ಲ ಎದ್ದುಹೋದರೆ ಡಾಂಬರು ಬಿಸಿಲಿಗೆ ತೆರೆದುಕೊಳ್ಳುತ್ತದೆ.

ಮೂರನೆಯದು ಗಾಳಿಕಿಂಡಿ, ನಾವು ಪೆಟ್ಟು ತಿಂದದ್ದು ಅಲ್ಲಿ. ಒಳಗಿನ ಸೀಲಿಂಗ್ 150 ಚದರ ಅಡಿ ಇದ್ದರೆ ಒಂದು ಚದರ ಅಡಿ ಕಿಂಡಿ ಬೇಕು, ಅರ್ಧ ಸೂರಿನ ಅಡಿಯಲ್ಲಿ, ಅರ್ಧ ನೆತ್ತಿಯಲ್ಲಿ. 900 ಚದರ ಅಡಿಗೆ ಆರು ಚದರ ಅಡಿ ಆಯಿತು. ಇಲಿ, ಬಾವಲಿ ಬಾರದ ಹಾಗೆ ಸ್ಟೀಲಿನ ಬಲೆ ಹೊಡೆಸಿ. ನಾವು ಕೊಳೆತ ಪ್ಲೈವುಡ್ಡನ್ನು ತೆಗೆಸಿ ಸಿಮೆಂಟ್ ಫೈಬರ್ ಬೋರ್ಡ್ ಹಾಕಿಸಿದೆವು, ಈ ಲೆಕ್ಕದಲ್ಲಿ ಕಿಂಡಿ ಬಿಡಿಸಿದೆವು. ಟ್ರಸ್ಸು ಹಗುರದ್ದು, ಹಂಚು ಹೊರುವುದಿಲ್ಲ, ಆದ್ದರಿಂದ ಮೇಲೆ ಮತ್ತೆ ಶಿಂಗಲ್ಸನ್ನೇ ಹೊದಿಸಿದೆವು. ಈಗ ಊದುಬತ್ತಿಯ ಹೊಗೆ ನೆತ್ತಿಯ ಕಡೆಗೆ ಹೋಗುತ್ತದೆ.

ನಾಲ್ಕನೆಯದು ಹಾಕುವ ಕಾಲ. ಶಿಂಗಲ್ಸಿನಲ್ಲಿ ಒಂದು ಅಂಟಿನ ಪಟ್ಟಿ ಇರುತ್ತದೆ. ಬಿಸಿಲಿಗೆ ಕಾದು ಮೆತ್ತಗಾದಾಗ ಮೇಲಿನದು ಕೆಳಗಿನದಕ್ಕೆ ಹಿಡಿದುಕೊಳ್ಳುತ್ತದೆ. ಮೇ ಕೊನೆಯ ಪತ್ತನಾಜೆ ಹತ್ತಿರ ಬಂದ ಮೇಲೆ ಅವಸರದಲ್ಲಿ ಹಾಕಿಸಿದರೆ ಆ ಅಂಟಿಗೆ ಬಿಸಿಲೇ ಸಿಗುವುದಿಲ್ಲ, ಆಟಿಯ ಗಾಳಿಗೆ ಮೂಲೆ ಏಳುತ್ತದೆ. ಜನವರಿಯಿಂದ ಮಾರ್ಚ್ ಒಳ್ಳೆಯದು. ಇಳಿಜಾರು ಕಾಂಕ್ರೀಟಿನ ಮೇಲೆ ಹಾಕುವುದಾದರೂ ಇದೇ ಕಾಲ. ಅಲ್ಲಿ ಕೊಳೆಯಲು ಹಲಗೆ ಇಲ್ಲ ಎಂಬುದು ಲಾಭ, ಆದರೆ ಕಾಂಕ್ರೀಟು ಪೂರ್ತಿ ಒಣಗಿ ಬಿರುಕುಗಳನ್ನು ಮುಚ್ಚಿರಬೇಕು.

ಉಳಿದವು

ಶೀಟು ತಾರಸಿಯ ಮೇಲೆ, ಅಡಿಕೆ ಒಣಗಿಸುವಲ್ಲಿಗೆ, ಕೊಟ್ಟಿಗೆಗೆ ಒಳ್ಳೆಯದು. ಮಲಗುವ ಕೋಣೆಯ ಮೇಲೆ ನೇರವಾಗಿ ಬೇಡ. ಮಳೆ ಹಿಡಿದರೆ ಪಕ್ಕದವರ ಮಾತು ಕೇಳುವುದಿಲ್ಲ, ಏಪ್ರಿಲಿನಲ್ಲಿ ಕಾವು ನೇರ ತಲೆಗೆ. ಕೊಳ್ಳುವಾಗ ದಪ್ಪ 0.50 ಮಿಲಿಮೀಟರ್, ಅಲ್ಯೂಮಿನಿಯಂ ಸತುವಿನ ಲೇಪ ಚದರ ಮೀಟರಿಗೆ 150 ಗ್ರಾಂ ಎಂದು ಬಿಲ್ಲಿನಲ್ಲಿ ಬರೆಸಿ. ಬಣ್ಣ ತಿಳಿಯಾದಷ್ಟೂ ತಂಪು. ಹಳೆಯ ಆಸ್ಬೆಸ್ಟಾಸ್ ಶೀಟು ಇದ್ದರೆ ಗರಗಸದಿಂದ ಕುಯ್ಯಬೇಡಿ, ಒಡೆಯಬೇಡಿ. ಅದರ ದೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ. ನೆನೆಸಿ, ಇಡಿಯಾಗಿ ಇಳಿಸಬೇಕು.

ಮಾಡು ಯಾವುದೇ ಆಗಲಿ, ಸೂರಿನ ನೀರು ಹಿಡಿಯುವ ದಂಬೆಯ ಲೆಕ್ಕ ಬಿಡಬೇಡಿ. 1000 ಚದರ ಅಡಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 9300 ಲೀಟರ್ ನೀರು. ನಮ್ಮಲ್ಲಿ ಅದು ಒಂದೇ ದಿನದ ಮಳೆಯಾಗುವುದುಂಟು. ಎರಡು ಮಾಡು ಕೂಡುವ ಓಣಿಯಲ್ಲಿ ಎಲೆ ಸಿಕ್ಕಿದರೆ ಅಷ್ಟೂ ನೀರು ಹಿಂದಕ್ಕೆ ಬಂದು ಹಂಚಿನಡಿಗೆ ನುಗ್ಗುತ್ತದೆ. ಆ ಓಣಿಗೆ ಅಗಲದ ತಗಡು ಹಾಕಿಸಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಗುಡಿಸಿ. ನಾವು ದಂಬೆಯ ನೀರನ್ನು ಬಾವಿಯ ಪಕ್ಕದ ಇಂಗುಗುಂಡಿಗೆ ಬಿಟ್ಟಿದ್ದೇವೆ.

ಕೆಲಸ ಮುಗಿದ ವರ್ಷ, ಮೊದಲ ಜೋರು ಮಳೆಯ ದಿನ, ಟಾರ್ಚು ಮತ್ತು ಒಂದು ತುಂಡು ಸೀಮೆಸುಣ್ಣ ಹಿಡಿದು ಅಟ್ಟಕ್ಕೆ ಹತ್ತಿ. ಒದ್ದೆ ಕಂಡಲ್ಲಿ ಪಕ್ಕಾಸಿಗೆ ಗುರುತು ಹಾಕಿ, ತಾರೀಕು ಬರೆಯಿರಿ. ಹನಿ ಬಿದ್ದ ಜಾಗದ ನೇರ ಮೇಲೆ ಹುಡುಕಿದರೆ ತೂತು ಸಿಗುವುದು ಕಮ್ಮಿ. ನೀರು ಪಕ್ಕಾಸಿನ ಮೈ ಹಿಡಿದು ಜಾರಿ ಬಂದಿರುತ್ತದೆ. ಗುರುತಿನಿಂದ ಟಾರ್ಚನ್ನು ನಿಧಾನಕ್ಕೆ ನೆತ್ತಿಯ ಕಡೆಗೆ ಒಯ್ಯಿರಿ. ಒಡೆದ ಹಂಚು ಹೆಚ್ಚಾಗಿ ಎರಡು ಮೂರು ಸಾಲು ಮೇಲೆ ಇರುತ್ತದೆ.