ಕಾಗೆಬಂಗಾರದ ಎರಡು ಹಾಳೆ, ಪಂಚರತ್ನಂ ಫೇಸ್: ನನ್ನ ಅನುಭವ

ವೇವ್‌ಪ್ಲೇಟನ್ನು (ಬೆಳಕಿನ ಪೋಲರೈಸೇಶನ್, ಅಂದರೆ ಅದರ ಕಂಪನದ ರೀತಿಯನ್ನು ಬದಲಿಸುವ ತೆಳು ಹಾಳೆಯನ್ನು) ಹತ್ತು ಸುತ್ತು ತಿರುಗಿಸಿ ಹೊರಟ ಗೀಟಿಗೇ ತಂದು ನಿಲ್ಲಿಸಿದೆ. ಪ್ಲೇಟು ಇದ್ದಲ್ಲೇ ಇದೆ, ಕನ್ನಡಿ ಅಲುಗಿಲ್ಲ, ಬೆಳಕಿನ ಪೋಲರೈಸೇಶನ್ ಕೂಡ ಮೊದಲಿದ್ದಂತೆಯೇ ಇದೆ. ಎರಡು ಕಿರಣ ಕೂಡಿದಲ್ಲಿ ಮೂಡುವ ಬೆಳಕು-ಕತ್ತಲೆಯ ಪಟ್ಟೆಗಳು ಮಾತ್ರ ಇಪ್ಪತ್ತು ಮನೆ ಮುಂದೆ ಹೋಗಿದ್ದವು. ಭೌತವಿಜ್ಞಾನಿ ಪಂಚರತ್ನಂ ಕಂಡ ಫೇಸನ್ನು (ಫೇಸ್ ಎಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎನ್ನುವುದು) ತೋರಿಸುವುದು ಅಡುಗೆಮನೆ ಕಲ್ಲಿನ ಮೇಲೆ ಆಗುವ ಕೆಲಸವಲ್ಲ, ಪಟ್ಟೆ ಸರಿದರೂ ಅದು ಪ್ಲೇಟಿನ ಗಾಜಿನ ಏರುತಗ್ಗಿನ ಆಟ ಅಷ್ಟೇ ಎಂದವರಿದ್ದರು. ಅದಕ್ಕಾಗಿಯೇ ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ಕ್ವಾಂಟಮ್ ಸ್ಥಿತಿಯೊಂದರ ಒಟ್ಟಾರೆ ಫೇಸ್ ಅಳತೆಗೆ ಸಿಗುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಹಾಗಾದರೆ ಎರಡು ಬೇರೆಬೇರೆ ಸ್ಥಿತಿಗಳ ಫೇಸ್ ಒಂದೇ ಎಂದು ಹೇಳುವುದು ಹೇಗೆ? ಪಂಚರತ್ನಂ 1956ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೊಟ್ಟ ಉತ್ತರ ಸರಳ: ಎರಡನ್ನೂ ಕೂಡಿಸಿದಾಗ ಬೆಳಕು ಅತಿ ಹೆಚ್ಚಾದರೆ ಅವು ಹೊಂದಿವೆ ಎಂದರ್ಥ. ಈ ಹೊಂದಾಣಿಕೆಯಲ್ಲಿ ಒಂದು ವಿಚಿತ್ರವಿದೆ. ಎ ಬಿ-ಗೆ ಹೊಂದುತ್ತದೆ, ಬಿ ಸಿ-ಗೆ ಹೊಂದುತ್ತದೆ, ಆದರೂ ಸಿ ಮತ್ತು ಎ ಹೊಂದಬೇಕೆಂದಿಲ್ಲ. ಪ್ವಾಂಕರೆ ಗೋಲದ (ಒಂದೊಂದು ಪೋಲರೈಸೇಶನ್ನಿಗೂ ಒಂದೊಂದು ಬಿಂದು ಇರುವ ಕಾಲ್ಪನಿಕ ಗೋಲ) ಮೇಲೆ ಆ ಮೂರು ಬಿಂದುಗಳು ಸುತ್ತುವರಿದ ಘನಕೋನದ (ಗೋಲದ ನಡುವಿನಿಂದ ಕಾಣುವ ಹರವು) ಅರ್ಧದಷ್ಟು ಫೇಸ್ ಉಳಿದುಬಿಡುತ್ತದೆ. 1984ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಮೈಕೆಲ್ ಬೆರ್ರಿ ಕ್ವಾಂಟಮ್ ಸ್ಥಿತಿಗಳಲ್ಲಿ ಇಂಥದೇ ಫೇಸನ್ನು ಸ್ವತಂತ್ರವಾಗಿ ಕಂಡುಕೊಂಡರು. ಇದು ಪಂಚರತ್ನಂ ಆಗಲೇ ಕಂಡಿದ್ದ ಫೇಸ್ ಎಂದು 1986ರಲ್ಲಿ ಭೌತವಿಜ್ಞಾನಿಗಳಾದ ರಾಮಶೇಷನ್ ಮತ್ತು ನಿತ್ಯಾನಂದ ತೋರಿಸಿಕೊಟ್ಟರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ್ದ ಪಂಚರತ್ನಂ 1969ರಲ್ಲೇ, ಇನ್ನೂ ಮೂವತ್ತೈದರ ಪ್ರಾಯದಲ್ಲಿ, ತೀರಿಕೊಂಡಿದ್ದರು.

ನನ್ನದು ಮೈಕೆಲ್ಸನ್ ಜೋಡಣೆ: ಬೀಮ್ ಸ್ಪ್ಲಿಟರ್ ಕಿರಣವನ್ನು ಎರಡು ತೋಳಿಗೆ ಸೀಳುತ್ತದೆ, ಕನ್ನಡಿಗಳಿಂದ ಮರಳಿದ ಎರಡೂ ಕೂಡಿ ಪಟ್ಟೆ ಮೂಡಿಸುತ್ತವೆ. ಒಂದು ತೋಳಿನಲ್ಲಿ ಎರಡು ಕ್ವಾರ್ಟರ್ ಪ್ಲೇಟು (ಬೆಳಕಿನ ಒಂದು ದಿಕ್ಕಿನ ಕಂಪನವನ್ನು ಇನ್ನೊಂದಕ್ಕಿಂತ ಕಾಲು ಅಲೆ ಹಿಂದೆ ಹಾಕುವಂಥವು): ಮೊದಲನೆಯದು 45 ಡಿಗ್ರಿಗೆ ಸ್ಥಿರ, ಕನ್ನಡಿಯ ಹತ್ತಿರದ್ದು ತಿರುಗುವಂಥದು. ಬೆಳಕು ಎರಡು ಸಲ ಹಾಯುವುದರಿಂದ ತಿರುಗುವ ಪ್ಲೇಟು ಅರ್ಧ ಅಲೆ ಹಿಂದೆ ಹಾಕುವ ಹಾಫ್ ಪ್ಲೇಟಿನ ಕೆಲಸ ಮಾಡುತ್ತದೆ, ಅದಕ್ಕೆ ಬೇರೆ ದುಡ್ಡು ಬೇಡ. ಪ್ಲೇಟನ್ನು ಎಷ್ಟು ತಿರುಗಿಸುತ್ತೇವೋ ಅದರ ಎರಡರಷ್ಟು ಫೇಸ್ ಸೇರುತ್ತದೆ. ಅಂದರೆ ಸುತ್ತಿಗೆ ಎರಡು ಪಟ್ಟೆ.

ಮೊದಲು ಹಾಳಾದ ದುಡ್ಡು ಹೇಳಿಬಿಡುತ್ತೇನೆ. 650 ನ್ಯಾನೋಮೀಟರಿನ ಅಗ್ಗದ ಡಯೋಡ್ ಮಾಡ್ಯೂಲ್ ಮೂರು, ಸುಮಾರು 900 ರೂಪಾಯಿ. ಬಿಸಿಯಾದಂತೆ ಮೋಡ್ ಹಾರಿ, ಅಂದರೆ ತರಂಗಾಂತರ ತಟಕ್ಕನೆ ಬದಲಾಗಿ, ಪಟ್ಟೆಗಳು ಜಿಗಿಯುತ್ತಿದ್ದವು. ಆಮೇಲೆ ಪ್ಲೇಟಿನ ಬದಲಿಗೆಂದು ರಿಟಾರ್ಡರ್ ಫಿಲ್ಮಿಗೆ 1,800. ಅದು ಅಲೆಯನ್ನು 140 ನ್ಯಾನೋಮೀಟರ್ ಹಿಂದೆ ಹಾಕುವಂಥದು, ನನ್ನ ಹೀಲಿಯಂ-ನಿಯಾನ್ ಲೇಸರಿನ ಕೆಂಪು 632.8ಕ್ಕೆ ಅದರ ಕಾಲು ಭಾಗ, 158 ಬೇಕು. ಕಾಲು ಅಲೆಯ 90 ಡಿಗ್ರಿಗೆ ಹತ್ತು ಡಿಗ್ರಿ ಕಡಿಮೆ ಬಿತ್ತು. ಪಟ್ಟೆಗಳು ಒಮ್ಮೆ ಓಡುತ್ತಿದ್ದವು, ಒಮ್ಮೆ ತೆವಳುತ್ತಿದ್ದವು. ಸಿದ್ಧ ಪ್ಲೇಟು ಎರಡಕ್ಕೆ 40,000 ದಾಟಿದ ಕೊಟೇಶನ್ ಬಂತು, ಬಿಟ್ಟೆ.

ಕೊನೆಗೆ ಕೈ ಹಿಡಿದದ್ದು ಕಾಗೆಬಂಗಾರ, ಅಂದರೆ ಅಭ್ರಕ. ಅದರಲ್ಲೇ ಮಸ್ಕೊವೈಟ್ ಎಂಬ ಜಾತಿಯ ಒಳ್ಳೆಯ ತುಂಡಿಗೆ 200 ರೂಪಾಯಿ ಕೊಟ್ಟೆ. ಸುಮಾರು 35 ಮೈಕ್ರಾನ್ ದಪ್ಪಕ್ಕೆ ಸೀಳಬೇಕು. ಅಂಚಿಗೆ ಹೊಲಿಗೆ ಸೂಜಿಯ ತುದಿ ಕೊಟ್ಟು, ಬಾಯಿ ಬಿಟ್ಟ ಕಡೆ ಒಂದು ಹನಿ ನೀರು ಬಿಟ್ಟರೆ ನೀರು ತಾನೇ ಒಳಗೆ ಹರಿದು ಪದರ ಬಿಡಿಸಿಕೊಡುತ್ತದೆ. ಆತುರಪಟ್ಟರೆ ಮೆಟ್ಟಿಲು ಬೀಳುತ್ತದೆ. ಒಂದಕ್ಕೊಂದು ಅಡ್ಡ ಇಟ್ಟ ಎರಡು ಪೋಲರಾಯ್ಡ್ (ಒಂದೇ ದಿಕ್ಕಿನ ಕಂಪನದ ಬೆಳಕು ಬಿಡುವ ಹಾಳೆ) ನಡುವೆ ಹಿಡಿದಾಗ ಆ ಮೆಟ್ಟಿಲು ಬೇರೆ ಬೂದು ಬಣ್ಣದ ಗೆರೆಯಾಗಿ ಕಾಣುತ್ತದೆ. ಲೇಸರ್ ಬೀಳುವಷ್ಟು, ಅಂದರೆ ಐದು ಮಿಲಿಮೀಟರ್ ಜಾಗ ಚೊಕ್ಕಟವಾಗಿದ್ದರೆ ಸಾಕು. ದಪ್ಪ ನೋಡಲು ಸ್ಕ್ರೂ ಗೇಜ್ ಪ್ರಯೋಜನಕ್ಕೆ ಬರದು. ಪೋಲರಾಯ್ಡಿನ ಮುಂದೆ 45 ಡಿಗ್ರಿಗೆ ಹಾಳೆ ಇಟ್ಟು, ಎದುರಿನ ಪೋಲರಾಯ್ಡ್ ತಿರುಗಿಸುತ್ತ ಫೋಟೋಡಯೋಡ್ ಓದಬೇಕು. ಓದಿಕೆ ನೂರಕ್ಕೆ ಐದರ ಒಳಗೆ ಸ್ಥಿರವಾಗಿ ನಿಂತರೆ ಆ ಹಾಳೆ ಇಟ್ಟುಕೊಂಡೆ. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಸೀಳಿದ್ದರಲ್ಲಿ ನಾಲ್ಕು ದಕ್ಕಿದವು.

ಅಷ್ಟಾದರೂ ಹಾಳೆ ಕೂದಲೆಳೆಯಷ್ಟು ವಾಲಿದರೆ ಓದಿಕೆ ಬದಲಾಗುತ್ತಿತ್ತು. ಕಾರಣ, ಬರಿಯ ಹಾಳೆಯ ಎರಡು ಮುಖಗಳ ನಡುವೆ ಲೇಸರ್ ಪುಟಿದು ತನ್ನೊಡನೆ ತಾನೇ ಇಂಟರ್ಫಿಯರೆನ್ಸ್ ಮಾಡುತ್ತದೆ. ಕವರ್‌ಸ್ಲಿಪ್ ಎರಡರ ನಡುವೆ ಕೆನಡಾ ಬಾಲ್ಸಮ್ ಎಂಬ ಪಾರದರ್ಶಕ ಅಂಟು ಹಾಕಿ ಕೂರಿಸಿದ ಮೇಲೆ ಆ ಕಾಟ ಹೋಯಿತು. ಬಾಲ್ಸಮ್ ಆರುವಾಗ ಎರಡು ಗಾಜೂ ಸಮಾನಾಂತರವಾಗಿ ಕೂರುವಂತೆ ಮಾಡುವ ಉಪಾಯವೊಂದನ್ನು ನಾನೇ ಕಂಡುಕೊಂಡಿದ್ದೇನೆ; ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಉಳಿದ ಖರ್ಚು: ಹಳೆಯ ಲೇಸರ್ ಟ್ಯೂಬ್ ಪವರ್ ಸಪ್ಲೈ ಸಮೇತ 7,000, ಬೀಮ್ ಸ್ಪ್ಲಿಟರ್ 2,200, ಮುಂಗಡೆ ಲೇಪದ ಕನ್ನಡಿಗಳು 600, ಪೋಲರಾಯ್ಡ್ 300, ಗ್ರಾನೈಟ್ ತುಂಡು ಮತ್ತು ಅದರ ಕೆಳಗೆ ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬ್ ಸೇರಿ 750, ಹಿಡಿಕೆಗಳಿಗೆ 1,500. ಹಾಳಾದದ್ದು ಬಿಟ್ಟು ಒಟ್ಟು 12,000–13,000.

ಜೋಡಿಸುವಾಗ ಒಳಬರುವ ಪೋಲರೈಸೇಶನ್ ಸ್ಪ್ಲಿಟರಿಗೆ ಸರಿಯಾಗಿ ಅಡ್ಡ ಅಥವಾ ನೆಟ್ಟಗೆ ಇರಲೇಬೇಕು. ಓರೆಯಾದರೆ ಸ್ಪ್ಲಿಟರೇ ಅದನ್ನು ಎಲಿಪ್ಟಿಕಲ್ (ದೀರ್ಘವೃತ್ತದಲ್ಲಿ ಸುತ್ತುವಂಥದು) ಮಾಡಿಬಿಡುತ್ತದೆ. ಇನ್ನೊಂದು ತೋಳು ಮುಚ್ಚಿ, ಬೆಳಕು ಹೊರಬರುವ ಕಡೆ ಒಳಗಿನದಕ್ಕೆ ಸಮಾಂತರವಾದ ಪೋಲರಾಯ್ಡ್ ಇಟ್ಟು, ಮೊದಲ ಪ್ಲೇಟನ್ನು ಮಾತ್ರ ಕತ್ತಲಾಗುವ ತನಕ ತಿರುಗಿಸಿ ಬಿಗಿ ಮಾಡಬೇಕು. ಅದೇ 45 ಡಿಗ್ರಿ. ಬಳಿಕ ಎರಡನೆಯದನ್ನು ಸೇರಿಸಿ, ಹೊರಗಿನ ಪೋಲರಾಯ್ಡನ್ನು ಅಡ್ಡ ತಿರುಗಿಸಿ ನೋಡಿದರೆ ಪ್ಲೇಟು ಯಾವ ಕೋನದಲ್ಲಿದ್ದರೂ ಕತ್ತಲೆಯೇ ಇರಬೇಕು. ಅತ್ಯುತ್ತಮ ಹಾಳೆ ಮೊದಲನೆಯ ಜಾಗಕ್ಕೆ ಹೋಗಲಿ. ಎರಡನೆಯದರ ತಪ್ಪು ಅಡ್ಡ ಪೋಲರೈಸೇಶನ್ ಆಗಿ ಹೊರಬಂದು ಪೋಲರಾಯ್ಡಿನಲ್ಲೇ ಸಾಯುತ್ತದೆ, ಮೊದಲನೆಯದರ ತಪ್ಪು ಹಾಗೆ ಸಾಯುವುದಿಲ್ಲ. ಲೇಸರ್ ಟ್ಯೂಬಿಗೆ ಅರ್ಧ ಗಂಟೆ ಬಿಸಿಯಾಗಲು ಬಿಡಿ, ಎರಡು ತೋಳಿನ ಉದ್ದ ಒಂದು ಸೆಂಟಿಮೀಟರ್ ಒಳಗೆ ಸಮ ಇರಲಿ, ಎಲ್ಲಕ್ಕೂ ಥರ್ಮೋಕೋಲ್ ಮುಚ್ಚಳ ಹಾಕಿ.

ಇನ್ನು ಗಾಜಿನ ಏರುತಗ್ಗಿನ ಆಕ್ಷೇಪ. ಅದು ಪೂರ್ತಿ ಸುಳ್ಳಲ್ಲ. ನನ್ನ ಪ್ಲೇಟು ಸ್ವಲ್ಪ ಬೆಣೆಯಾಗಿಯೇ ಇದೆ, ಸುತ್ತಿಗೊಮ್ಮೆ ಪಟ್ಟೆಗಳು ಒಂದು ಪಟ್ಟೆಯ ಮೂರನೇ ಒಂದು ಭಾಗದಷ್ಟು ತೂಗುತ್ತವೆ. ಆದರೆ ಬೆಣೆ ಕೊಟ್ಟದ್ದನ್ನು ಆ ಸುತ್ತು ಮುಗಿಯುವಷ್ಟರಲ್ಲಿ ವಾಪಸ್ ತೆಗೆದುಕೊಳ್ಳುತ್ತದೆ. ಹತ್ತು ಸುತ್ತಿಗೆ ಕೂಡಿಹಾಕುವ ಶಕ್ತಿ ಅದಕ್ಕಿಲ್ಲ. ಎರಡು ನಿಮಿಷದಲ್ಲಿ ಹತ್ತು ಸುತ್ತು, ಇಪ್ಪತ್ತು ಪಟ್ಟೆ. ಹಿಂದಕ್ಕೆ ತಿರುಗಿಸಿದರೆ ಇಪ್ಪತ್ತೂ ಹಿಂದಕ್ಕೆ. ಇದೂ ಸಾಲದೆಂದರೆ ಒಳಗಿನ, ಹೊರಗಿನ ಪೋಲರಾಯ್ಡ್ ಎರಡನ್ನೂ 90 ಡಿಗ್ರಿ ತಿರುಗಿಸಿ. ಅದೇ ಗಾಜು, ಅದೇ ಬೆಣೆ, ಅದೇ ದಿಕ್ಕಿನ ತಿರುಗು. ಪಟ್ಟೆಗಳು ಮಾತ್ರ ಎದುರು ದಿಕ್ಕಿಗೆ ಹರಿಯುತ್ತವೆ. ಗೋಲದ ಮೇಲಿನ ದಾರಿ ತಿರುವುಮುರುವಾಯಿತು, ಅದಕ್ಕೆ. ಈ ಪರೀಕ್ಷೆ ನೋಡಿದ ಮೇಲೆ ಆಕ್ಷೇಪ ಎತ್ತಿದವರು ಮತ್ತೆ ಗಾಜಿನ ಮಾತು ತೆಗೆದಿಲ್ಲ.

ಜೊತೆಗೆ ಇನ್ನೊಂದು ಮಾಡಿದೆ: ಫೋಟಾನ್‌ಗಳು (ಬೆಳಕಿನ ಕಣಗಳು) ಬಹುತೇಕ ಒಂಟಿಯಾಗಿ ಹಾಯುವಷ್ಟು ಬೆಳಕು ಮಂದ ಮಾಡಿ ನೋಡಿದೆ. ಒಂದು ಮಿಲಿವ್ಯಾಟ್ ಎಂದರೆ ಸೆಕೆಂಡಿಗೆ ಸುಮಾರು 30 ಕೋಟಿ ಕೋಟಿ ಫೋಟಾನ್. ಎನ್‌ಡಿ ಫಿಲ್ಟರ್‌ಗಳನ್ನು (ಬೆಳಕು ಮಂದ ಮಾಡುವಂಥವು) ಒಂದರ ಹಿಂದೊಂದು ಇಟ್ಟು ನೂರು ಕೋಟಿಯಲ್ಲಿ ಒಂದು ಪಾಲಿಗೆ ಇಳಿಸಿದರೆ 30 ಲಕ್ಷ ಉಳಿಯುತ್ತವೆ. ಬೆಳಕು ಒಳಗೆ ಹೋಗಿಬರುವ ದಾರಿ 30 ಸೆಂಟಿಮೀಟರ್, ಒಂದು ನ್ಯಾನೋಸೆಕೆಂಡ್. ಮುನ್ನೂರು ಸಲ ಇಣುಕಿದರೆ ಒಂದು ಸಲ ಫೋಟಾನ್ ಸಿಗಬಹುದು. ಇದು ನಿಜವಾದ ಒಂಟಿ-ಫೋಟಾನ್ ಮೂಲವಲ್ಲ, ಮಂದ ಲೇಸರ್. ಆದರೂ ಒಂದು ಫೋಟಾನಿನ ಪಕ್ಕ ಇನ್ನೊಂದು ಇರುವುದು ತೀರಾ ಅಪರೂಪ. ಲೆನ್ಸ್ ಬಿಚ್ಚಿದ ಡಿಎಸ್‌ಎಲ್‌ಆರ್, 30 ಸೆಕೆಂಡ್ ಎಕ್ಸ್‌ಪೋಶರ್. ಮೊದಲ ಏಳೆಂಟು ಚಿತ್ರ ಪವರ್ ಸಪ್ಲೈನ ದೀಪದ ಬೆಳಕಿಗೇ ಹಾಳಾದವು. ಕಪ್ಪು ಟೇಪ್ ಅಂಟಿಸಿದ ಮೇಲೆ ಪಟ್ಟೆ ಮೂಡಿತು. ಪ್ಲೇಟು 0 ಡಿಗ್ರಿಯಲ್ಲಿದ್ದಾಗ ಒಂದು ಚಿತ್ರ, 90ರಲ್ಲಿದ್ದಾಗ ಇನ್ನೊಂದು. ಮೊದಲನೆಯದರಲ್ಲಿ ಬೆಳಕಿದ್ದ ಕಡೆಯೆಲ್ಲ ಎರಡನೆಯದರಲ್ಲಿ ಕತ್ತಲು.