ತುಮಕೂರಲ್ಲಿ ಬ್ರಿಡ್ಜ್ ಗುಂಪು ನಡೆಸಿದ ನನ್ನ ಅನುಭವ

ಬ್ರಿಡ್ಜ್ ಅನ್ನುವ ಇಸ್ಪೀಟು ಆಟಕ್ಕೆ ನಾಲ್ಕು ಜನ ಬೇಕೇ ಬೇಕು, ಎದುರು ಬದುರು ಕೂತ ಇಬ್ಬಿಬ್ಬರು ಒಂದೊಂದು ಜೋಡಿ. ರಮ್ಮಿ ಆದರೆ ಇಬ್ಬರಿದ್ದರೂ ಆಗುತ್ತದೆ, ಐದು ಜನ ಬಂದರೂ ಆಗುತ್ತದೆ, ಮಧ್ಯೆ ಒಬ್ಬರು ಎದ್ದು ಹೋದರೂ ಆಟ ನಿಲ್ಲುವುದಿಲ್ಲ. ಬ್ರಿಡ್ಜ್‌ಗೆ ಮೂರೇ ಜನ ಬಂದರೆ ಟೀ ಕುಡಿದು ಮನೆಗೆ ಹೋಗಬೇಕು, ಅಷ್ಟೇ. ನಮ್ಮಂಥ ಊರಲ್ಲಿ ಬ್ರಿಡ್ಜ್ ಗುಂಪು ನಡೆಸುವುದು ಅಂದರೆ ಎಲೆ ಆಡುವುದಕ್ಕಿಂತ, ಭಾನುವಾರ ಮಧ್ಯಾಹ್ನ ಮುದ್ದೆ ಊಟ ಮಾಡಿ ಮಲಗಿರುವ ನಾಲ್ಕನೆಯವರನ್ನು ಎಬ್ಬಿಸಿ ಕರೆತರುವ ಕೆಲಸವೇ ಜಾಸ್ತಿ. ಅದನ್ನು ನಾನು ಹೇಗೆ ಮಾಡಿಕೊಂಡು ಬಂದೆ ಅಂತ ಬರೆಯುತ್ತಿದ್ದೇನೆ. ಬೇರೆ ಊರಿನವರಿಗೆ ಉಪಯೋಗಕ್ಕೆ ಬಂದರೂ ಬರಬಹುದು.

ನನ್ನದು ಹೊರಪೇಟೆ ಕಡೆ ಸಣ್ಣ ಪ್ರೆಸ್ಸು. ಮದುವೆ ಪತ್ರಿಕೆ, ಬಿಲ್ ಬುಕ್ಕು, ಗೃಹಪ್ರವೇಶದ ಕಾರ್ಡು, ಇಂಥವೇ. ಕಾಗದಕ್ಕೆ ಅಂತ ಬೆಂಗಳೂರಿನ ಸುಲ್ತಾನ್‌ಪೇಟೆಗೆ ಓಡಾಡುತ್ತಿದ್ದ ಕಾಲದಲ್ಲಿ ರೈಲಿನಲ್ಲೇ ಆಟ ಕಲಿತೆ. ಈ ದಾರಿಯಲ್ಲಿ ದಿನಾ ಹೋಗಿ ಬರುವವರಿಗೆ ಆ ದೃಶ್ಯ ಗೊತ್ತು: ಎದುರು ಬದುರು ಸೀಟು, ಮೊಣಕಾಲುಗಳ ಮೇಲೆ ಅಡ್ಡಲಾಗಿ ಒಂದು ಸೂಟ್‌ಕೇಸು, ಅದರ ಮೇಲೆ ಟವೆಲ್ಲು. ಎಲ್ಲರೂ ರಮ್ಮಿ ಆಡುತ್ತಿದ್ದರೆ ನಮ್ಮ ಬೋಗಿಯ ಒಂದು ಗುಂಪು ಮಾತ್ರ ಬ್ರಿಡ್ಜ್ ಆಡುತ್ತಿತ್ತು. ಅವರಲ್ಲೊಬ್ಬರು ರಜೆ ಹಾಕಿದ ದಿನ ನನ್ನನ್ನು ಎಳೆದು ಕೂರಿಸಿಕೊಂಡರು. ಆಮೇಲೆ ಅವರೆಲ್ಲ ಒಬ್ಬೊಬ್ಬರಾಗಿ ರಿಟೈರ್ ಆದರು, ಕಾಗದವೂ ಲಾರಿಯಲ್ಲೇ ಬರುವಂತಾಯಿತು, ಆಟ ಬಿಡಲು ಮಾತ್ರ ಯಾರಿಗೂ ಮನಸ್ಸಿಲ್ಲ. ಪ್ರೆಸ್ಸಿನ ಮೇಲಿನ ರೂಮು ಖಾಲಿ ಇತ್ತು.

ಮೊದಲ ತೊಂದರೆ ಬಂದದ್ದು ಆಟದಿಂದಲ್ಲ, ಊರ ಬಾಯಿಂದ. ಇಸ್ಪೀಟು ಅಂದರೆ ನಮ್ಮ ಕಡೆ ಅಂದರ್ ಬಾಹರ್, ಜಾತ್ರೆ ಹಿಂದಿನ ತೋಪು, ಪೊಲೀಸ್ ಜೀಪು, ಮಾರನೆ ದಿನ ಪೇಪರಿನಲ್ಲಿ ಇಷ್ಟು ಜನರ ಬಂಧನ, ಪಣಕ್ಕಿಟ್ಟಿದ್ದ ಇಷ್ಟು ಹಣ ವಶ. ಪಕ್ಕದ ಬೀದಿಯ ಅಜ್ಜಿ ನನ್ನ ಹೆಂಡತಿಯನ್ನು ನಲ್ಲಿ ಹತ್ತಿರ ನಿಲ್ಲಿಸಿ ಕೇಳಿದರಂತೆ: "ಏನಮ್ಮಾ, ನಿಮ್ ಯಜಮಾನ್ರು ಮೇಲ್ಗಡೆ ಕ್ಲಬ್ ಇಟ್ಟವ್ರಂತೆ?" ಇಂಥ ಮಾತಿಗೆ ವಾದ ಮಾಡಿ ಪ್ರಯೋಜನ ಇಲ್ಲ. ಬಾಗಿಲು, ಕಿಟಕಿ ಪೂರ್ತಿ ತೆಗೆದಿಟ್ಟೆ. ರೂಮಿನಲ್ಲಿ ಒಂದು ರೂಪಾಯಿ ಆಚೀಚೆ ಆಗಬಾರದು ಅಂತ ಕಟ್ಟುನಿಟ್ಟು ಮಾಡಿದೆ, ಟೀ ದುಡ್ಡು ಸಹ ಕೆಳಗೆ ಪ್ರೆಸ್ಸಿನ ಡಬ್ಬಿಗೆ ಹಾಕಿಯೇ ಮೆಟ್ಟಿಲು ಹತ್ತಬೇಕು. ಗೋಡೆ ಮೇಲೆ ಎರಡು ಹಾಳೆ ಫ್ರೇಮು ಹಾಕಿಸಿ ತೂಗುಹಾಕಿದೆ. ಒಂದು, 1967ರ ಸುಪ್ರೀಂ ಕೋರ್ಟ್ ತೀರ್ಪಿನದು. ಅದು ಆಂಧ್ರದ ರಮ್ಮಿ ಕೇಸು. ರಮ್ಮಿ ಮೂರೆಲೆ ಆಟದ ಹಾಗೆ ಬರೀ ಅದೃಷ್ಟದ್ದಲ್ಲ, ಅದರಲ್ಲಿರುವ ಅದೃಷ್ಟ ಬ್ರಿಡ್ಜ್‌ನಲ್ಲಿ ಎಲೆ ಹಂಚುವಾಗ ಇರುವಂಥದ್ದೇ ಅಂತ ನ್ಯಾಯಾಲಯ ಹೇಳಿತು. ರಮ್ಮಿಗೆ ಮರ್ಯಾದೆ ಕೊಡಿಸಲು ಬ್ರಿಡ್ಜ್ ಸಾಕ್ಷಿಗೆ ನಿಂತಿತು ನೋಡಿ! ಆದರೆ ಅದೇ ತೀರ್ಪಿನಲ್ಲಿ, ಮನೆ ಯಜಮಾನ ಆಟದಿಂದ ಲಾಭ ಮಾಡಿಕೊಂಡರೆ ಮಾತು ಬೇರೆ ಅಂತಲೂ ಇದೆ. ನಮ್ಮ ಡಬ್ಬಿ ಕೆಳಗೆ ಇರುವುದು ಅದಕ್ಕೇ. ಇನ್ನೊಂದು ಹಾಳೆ 2018ರ ಜಕಾರ್ತ ಏಷ್ಯನ್ ಗೇಮ್ಸ್ ಸುದ್ದಿ. ಅಲ್ಲಿ ಮೊದಲ ಸಲ ಬ್ರಿಡ್ಜ್‌ಗೆ ಪದಕ ಇಟ್ಟಿದ್ದರು. ಪುರುಷರ ಜೋಡಿ ವಿಭಾಗದಲ್ಲಿ ನಮ್ಮ ದೇಶದ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಚಿನ್ನ ಗೆದ್ದರು. ಒಬ್ಬರಿಗೆ 60 ವರ್ಷ, ಇನ್ನೊಬ್ಬರಿಗೆ 56. ಕೋರ್ಟಿನ ತೀರ್ಪನ್ನು ಯಾರೂ ಓದಲಿಲ್ಲ, ಈ ವಯಸ್ಸನ್ನು ಎಲ್ಲರೂ ಓದಿದರು. ಅರವತ್ತು ದಾಟಿದ ಎರಡು ಮೂರು ಜನ ಆ ಫ್ರೇಮು ನೋಡಿಯೇ ಸೇರಿದ್ದು.

ಸಾಮಾನು ಎಲ್ಲಾ ಪ್ರೆಸ್ಸಿನದೇ. ಆಷಾಢದಲ್ಲಿ ಮದುವೆ ಇಲ್ಲ, ಮೆಷಿನ್ನು ಸುಮ್ನೆ ನಿಂತಿರುತ್ತದೆ, ಉಳಿದ ದಪ್ಪ ಕಾರ್ಡು ಮೂಟೆಗಟ್ಟಲೆ ಇರುತ್ತದೆ. ಅದರಲ್ಲಿ ಬಿಡ್ಡಿಂಗ್ ಕಾರ್ಡು ಮಾಡಿದೆ, ಅಂದರೆ ಎಷ್ಟು ಸುತ್ತು ಗೆಲ್ಲುತ್ತೇವೆ, ತುರುಪು ಯಾವುದು ಅಂತ ಆಟಕ್ಕೆ ಮೊದಲು ಕೂಗುವ ಬದಲು ತೋರಿಸುವ ಕಾರ್ಡು. ಒಂದು ಕಳಾವರಿನಿಂದ ಏಳು ನೋ ಟ್ರಂಪ್‌ವರೆಗೆ 35 ಬಿಡ್ಡು, ಜೊತೆಗೆ ಪಾಸು, ಡಬಲ್, ರಿಡಬಲ್. ಬಾಯಲ್ಲಿ ಹೇಳಿದರೆ ಆಗುವುದಿಲ್ಲವೇ ಅಂತ ಹೊಸಬರು ಕೇಳುತ್ತಾರೆ. ಆಗುವುದಿಲ್ಲ. ನಮ್ಮ ಮೇಷ್ಟ್ರೊಬ್ಬರು "ಪಾಸ್" ಅನ್ನುವುದರಲ್ಲೇ ಮೂರು ಬಗೆ ಇತ್ತು. ಎಲೆ ಚೆನ್ನಾಗಿಲ್ಲದಿದ್ದರೆ ಪಟ್ಟಂತ ಪಾಸ್, ಸ್ವಲ್ಪ ಆಸೆ ಇದ್ದರೆ "ಹೂಂ... ಪಾಸ್", ಪಾರ್ಟ್ನರ್ ಮೇಲೆ ಸಿಟ್ಟಿದ್ದರೆ ಇನ್ನೊಂದು ಥರ. ಎದುರಿಗೆ ಕೂತ ಅವರ ಹೆಂಡತಿಗೆ ಅಷ್ಟು ಸಾಕಿತ್ತು, ಮೂವತ್ತು ವರ್ಷ ಸಂಸಾರ ಮಾಡಿದವರು. ಕಾರ್ಡು ಬಂದ ಮೇಲೆ ಆ ದಾರಿ ಮುಚ್ಚಿತು. ಗಂಡ ಹೆಂಡತಿಯನ್ನು ಒಂದೇ ಜೋಡಿ ಮಾಡುವುದನ್ನೂ ಆಗಲೇ ಬಿಟ್ಟೆವು. ಮನೆಯಲ್ಲೂ ಶಾಂತಿ, ರೂಮಿನಲ್ಲೂ ಶಾಂತಿ.

ಹಂಚಿದ ನಾಲ್ವರ ಎಲೆಯನ್ನು ಬೇರೆ ಬೇರೆ ಇಡುವ ಬೋರ್ಡುಗಳೂ ಹಾಗೇ. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಬೋರ್ಡು ತರಿಸುವ ಬದಲು ಮದುವೆ ಪತ್ರಿಕೆಯ ನಾಲ್ಕು ಕವರನ್ನು ಒಂದು ರಟ್ಟಿಗೆ ಅಂಟಿಸಿ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಬರೆದೆ. ಮೊದಲ ಸಲ ಗಣಪತಿ ಚಿತ್ರದ ಕವರು ಹಾಕಿದ್ದಕ್ಕೆ ಒಬ್ಬ ಅಮ್ಮ ಒಪ್ಪಲೇ ಇಲ್ಲ. "ದೇವ್ರ ಹೊಟ್ಟೇಲಿ ಇಸ್ಪೀಟ್ ತುಂಬ್ತೀರೇನಪ್ಪಾ?" ಅಂದರು. ಈಗ ಬರೀ ಅರಿಶಿನ ಬಣ್ಣದ ಕವರು. ಇದರ ಉಪಯೋಗ ಏನು ಅಂದರೆ, ಒಂದು ಟೇಬಲ್ಲಿನಲ್ಲಿ ಆಡಿದ ಅದೇ 52 ಎಲೆ, ಅದೇ ಹಂಚಿಕೆ, ಪಕ್ಕದ ಟೇಬಲ್ಲಿಗೂ ಹೋಗುತ್ತದೆ. ಆಡಿದ ಎಲೆಯನ್ನು ಮಧ್ಯಕ್ಕೆ ಎಸೆಯುವ ಹಾಗಿಲ್ಲ. ತಮ್ಮ ಮುಂದೆಯೇ ಬೋರಲು ಇಟ್ಟುಕೊಳ್ಳಬೇಕು, ಗೆದ್ದ ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಉದ್ದಕ್ಕೆ, ಸೋತದ್ದು ಅಡ್ಡಕ್ಕೆ. ಎರಡು ಟೇಬಲ್, ಎಂಟು ಜನ, ಎರಡು ಟೀಮು. ಇಲ್ಲಿ ಉತ್ತರ ದಕ್ಷಿಣಕ್ಕೆ ಕೂತವರ ಟೀಮಿನವರು ಅಲ್ಲಿ ಪೂರ್ವ ಪಶ್ಚಿಮಕ್ಕೆ ಕೂರುತ್ತಾರೆ. "ನಂಗೆ ಎಲೇನೇ ಬರ್ಲಿಲ್ಲ" ಅನ್ನುವ ನೆಪ ಅಲ್ಲಿಗೆ ಮುಗಿಯಿತು. ನಿಮಗೆ ಬಾರದ ಎಲೆ ಆ ಟೇಬಲ್ಲಿನಲ್ಲಿ ಅವರಿಗೂ ಬಂದಿಲ್ಲ, ಅಲ್ವಾ?

ಇಷ್ಟೆಲ್ಲ ಮಾಡಿದರೂ ಜನ ಬರುವುದು ಇದಕ್ಕಲ್ಲ. ಶನಿವಾರದ ಹಾಳೆಗೆ ಬರುತ್ತಾರೆ.

ಅದು ಒಂದೇ ಪುಟ. ಶನಿವಾರ ಸಂಜೆ ಬರೆದು, ವಾಟ್ಸ್ಯಾಪಿನಲ್ಲಿ ಫೋಟೋ ಹಾಕಿ, ಫೋನು ನೋಡಲು ಕಷ್ಟಪಡುವ ಹಿರಿಯರಿಗೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಹುಡುಗನ ಕೈಲಿ ಕಳಿಸುತ್ತೇನೆ. ಮೊದಲೆಲ್ಲ "ಭಾನುವಾರ ಮೂರು ಗಂಟೆಗೆ ಎಲ್ಲರೂ ಬನ್ನಿ" ಅಂತ ಹಾಕುತ್ತಿದ್ದಾಗ ಹೆಬ್ಬೆಟ್ಟಿನ ಚಿತ್ರ ಬರುತ್ತಿತ್ತು, ಜನ ಬರುತ್ತಿರಲಿಲ್ಲ. ಎಲ್ಲರನ್ನೂ ಕರೆದರೆ ಯಾರನ್ನೂ ಕರೆದ ಹಾಗಲ್ಲ. ಈಗ ಎರಡು ಟೇಬಲ್ ಬರೆದು ಯಾರು ಎಲ್ಲಿ ಅಂತ ಹೆಸರು ಹಾಕುತ್ತೇನೆ, ಕೊನೆಗೆ ಹೀಗೆ: "ಎರಡನೇ ಟೇಬಲ್, ಪಶ್ಚಿಮ: ಖಾಲಿ. ಪೂರ್ವದಲ್ಲಿ ಡಾಕ್ಟರು ಒಬ್ಬರೇ ಕೂತಿದ್ದಾರೆ." ಅಷ್ಟು ಓದಿದವರಿಗೆ ಮನೆಯಲ್ಲಿ ಕೂರಲು ಆಗುವುದಿಲ್ಲ. ಡಾಕ್ಟರ ಹತ್ತಿರ ಕೆಲಸ ಇರುವವರಂತೂ ಮೊದಲೇ ಫೋನು ಮಾಡುತ್ತಾರೆ, ಅದು ಬೇರೆ ವಿಷಯ.

ಹಾಳೆಯ ಅರ್ಧ ಜಾಗ ಹಿಂದಿನ ವಾರದ ಒಂದೇ ಒಂದು ಆಟಕ್ಕೆ. ಒಂದು ಉದಾಹರಣೆ ಕೊಡುತ್ತೇನೆ. ದಕ್ಷಿಣದವರು ಮೂರು ನೋ ಟ್ರಂಪ್ ಹಿಡಿದಿದ್ದರು, ಅಂದರೆ ಬಿಡ್ಡಿನ ಮೂರಕ್ಕೆ ಆರು ಸೇರಿಸಿ, ತುರುಪು ಇಲ್ಲದೆ ಒಂಬತ್ತು ಟ್ರಿಕ್ ಮಾಡಬೇಕು. ಪಶ್ಚಿಮದವರು ಆಟೀನ್ ರಾಜ ಹಾಕಿದರು, ಅವರ ಕೈಲಿ ಆಟೀನ್ ರಾಜ, ರಾಣಿ, ಗುಲಾಮ, ಒಂಬತ್ತು, ಐದು. ಡಮ್ಮಿಯಲ್ಲಿ, ಅಂದರೆ ದಕ್ಷಿಣದವರ ಪಾರ್ಟ್ನರ್ ಟೇಬಲ್ ಮೇಲೆ ಬಿಚ್ಚಿಟ್ಟ ಕೈಯಲ್ಲಿ, ಆರು, ಎರಡು. ದಕ್ಷಿಣದ ಕೈಲಿ ಎಕ್ಕ, ಏಳು, ನಾಲ್ಕು. ಒಂದು ಟೇಬಲ್ಲಿನಲ್ಲಿ ದಕ್ಷಿಣದವರು ಎಕ್ಕ ಕೈಲಿದೆಯಲ್ಲ ಅಂತ ತಕ್ಷಣ ಹೊಡೆದರು. ಆಮೇಲೆ ಡೈಮನ್ ರಾಜನನ್ನು ಹಿಡಿಯಲು ಹೋದರು, ರಾಜ ಪೂರ್ವದಲ್ಲಿತ್ತು. ಪೂರ್ವದವರು ಗೆದ್ದು ಆಟೀನ್ ವಾಪಸು ಹಾಕಿದರು, ಪಶ್ಚಿಮದವರು ಸಾಲಾಗಿ ನಾಲ್ಕು ಆಟೀನ್ ಬಾಚಿಕೊಂಡರು. ಒಂದು ಟ್ರಿಕ್ ಕಮ್ಮಿ, 50 ಅಂಕ ದಂಡ. ಇನ್ನೊಂದು ಟೇಬಲ್ಲಿನಲ್ಲಿ ದಕ್ಷಿಣದವರು ರಾಜನಿಗೂ ಎಕ್ಕ ಕೊಡಲಿಲ್ಲ, ರಾಣಿಗೂ ಕೊಡಲಿಲ್ಲ, ಮೂರನೇ ಸಲ ಕೊಟ್ಟರು. ಅಷ್ಟು ಹೊತ್ತಿಗೆ ಪೂರ್ವದವರ ಮೂರು ಆಟೀನೂ ಖರ್ಚಾಗಿತ್ತು. ಡೈಮನ್ ರಾಜ ಗೆದ್ದರೂ ವಾಪಸು ಹಾಕಲು ಆಟೀನ್ ಎಲ್ಲಿದೆ? ಒಂಬತ್ತು ಟ್ರಿಕ್ ಆಯಿತು, 400 ಅಂಕ. ಎರಡು ಟೇಬಲ್ ಸೇರಿಸಿದರೆ 450 ವ್ಯತ್ಯಾಸ, ಟೀಮುಗಳ ನಡುವಿನ ವ್ಯತ್ಯಾಸ ಅಳೆಯುವ ಐಎಂಪಿ ಅನ್ನುವ ಲೆಕ್ಕದಲ್ಲಿ 10. ಸುಮ್ನೆ ಎಕ್ಕವನ್ನು ಎರಡು ಸುತ್ತು ಕೈಲಿ ಇಟ್ಟುಕೊಂಡಿದ್ದಕ್ಕೆ!

ಇದನ್ನು ಬರೆಯುವಾಗ ನಾನು ಹೆಸರು ಹಾಕುವುದಿಲ್ಲ. ಗೆದ್ದವರದ್ದೂ ಇಲ್ಲ, ಸೋತವರದ್ದೂ ಇಲ್ಲ, ಬರೀ ದಿಕ್ಕು. ಆಡಿದವರಿಗೆ ಅದು ತಾವೇ ಅಂತ ಗೊತ್ತು, ಮನೆಯವರಿಗೆ ಗೊತ್ತಿಲ್ಲ, ಮಾನ ಉಳಿಯಿತು. ಟೇಬಲ್ಲಿನಲ್ಲಿ ಕೂತಾಗಲೂ ಪಾರ್ಟ್ನರಿಗೆ "ಸಾರ್, ಆ ರಾಜ ಯಾಕ್ ಹಾಕಿದ್ರಿ?" ಅಂತ ಕೇಳುವ ಹಾಗಿಲ್ಲ. ಟೀಗೆ ಎದ್ದಾಗ ಕೇಳಲಿ, ಕೈಲಿ ಲೋಟ ಇದ್ದರೆ ದನಿ ಅರ್ಧ ಇಳಿಯುತ್ತದೆ. ವಾರ ವಾರ ಹೊಸ ಆಟ ಎಲ್ಲಿ ಸಿಗುತ್ತದೆ ಅಂತ ಒಬ್ಬರು ಕೇಳಿದ್ದರು. 52 ಎಲೆಯಲ್ಲಿ ಒಬ್ಬರ ಕೈಗೆ 13 ಬರುವ ಬಗೆಗಳೇ ಸುಮಾರು 63,500 ಕೋಟಿ ಇವೆ. ನನ್ನ ಪ್ರೆಸ್ಸು ಮುಚ್ಚಿದರೂ ಅದು ಮುಗಿಯುವುದಿಲ್ಲ.

ಉಳಿದ ಅರ್ಧ ಮನೆ ಸುದ್ದಿ. ಯಾರ ಮೊಮ್ಮಗಳು ಪಿಯುಸಿಯಲ್ಲಿ ಪಾಸು, ಯಾರು ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟರು, ಯಾರ ತೋಟದಲ್ಲಿ ಬೋರು ಬತ್ತಿತು. ಕಾಯಿಲೆ ವಿಷಯ ಕೇಳದೆ ಹಾಕುವುದಿಲ್ಲ. ಸಾವಿನ ವಿಷಯ ಹಾಳೆಯಲ್ಲಿ ಬರಲೇಬಾರದು, ಅದಕ್ಕೆ ಫೋನು ಮಾಡಬೇಕು, ಆಗಿದ್ದರೆ ಹೋಗಬೇಕು. ರಾಜಕೀಯ ಇಲ್ಲ, ಫಾರ್ವರ್ಡ್ ಇಲ್ಲ. ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರೊಬ್ಬರಿದ್ದಾರೆ, ಕೀ ಕೊಡುವ ವಾಚು ಬಿಚ್ಚಿ ಟೇಬಲ್ ಮೇಲೆ ಇಟ್ಟುಕೊಂಡೇ ಆಡುತ್ತಾರೆ. ಒಂದು ಬೋರ್ಡಿಗೆ ಏಳೂವರೆ ನಿಮಿಷ ದಾಟಿದರೆ ಗಂಟಲು ಸರಿ ಮಾಡಿಕೊಳ್ಳುತ್ತಾರೆ. ಯಾವ ಟೇಬಲ್ ಎಷ್ಟು ತಡ ಮಾಡಿತು ಅನ್ನುವ ಅವರ ಒಂದು ಸಾಲು ಪ್ರತಿ ವಾರ ಹಾಳೆಯಲ್ಲಿ ಇರುತ್ತದೆ. ಜನ ಅದನ್ನೇ ಮೊದಲು ಓದುತ್ತಾರೆ ಅಂತ ನನಗೆ ಅನುಮಾನ.

ತಿಂಡಿ ಪಾಳಿ ಹಾಳೆಯ ಕೊನೆಗೆ. ಕಡಲೆಕಾಯಿ ಆಗಬಹುದು, ನಿಪ್ಪಟ್ಟು ಆಗಬಹುದು, ಎಣ್ಣೆ ಇಳಿಯುವ ಬೋಂಡ ಟೀ ಹೊತ್ತಿಗೆ ಮಾತ್ರ, ಆಮೇಲೆ ಕೈ ತೊಳೆಯಬೇಕು. ಹಲಸಿನ ಹಣ್ಣು ನಿಷೇಧ. ಇದಕ್ಕೆ ಕಾರಣ ಇದೆ. ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯವರೊಬ್ಬರು ಸಿದ್ದು ಹಲಸು ತಂದರು. ಕೆಂಪು ತೊಳೆ, ಸಣ್ಣ ಹಣ್ಣು, ಜೇನು ಬೇಡ ಅಷ್ಟು ಸಿಹಿ. ಎಲ್ಲರೂ ತಿಂದೆವು, ಕೊಬ್ಬರಿ ಎಣ್ಣೆ ಹಚ್ಚಿ ಅಂಟು ಬಿಡಿಸಿಕೊಂಡೆವು, ಬಿಟ್ಟಿತು ಅಂದುಕೊಂಡು ಕೂತೆವು. ಎಣಿಸಿದರೆ ಉತ್ತರದವರ ಕೈಲಿ 12 ಎಲೆ. ಆಟೀನ್ ರಾಣಿಯ ಬೆನ್ನಿಗೆ ಕಳಾವರ್ ನಾಲ್ಕು ಅಂಟಿಕೊಂಡಿತ್ತು. ಬಿಡಿಸಿದ ಮೇಲೆ ರಾಣಿಯ ಹಿಂದೆ ಕಂದು ಬಣ್ಣದ ಒಂದು ಚುಕ್ಕೆ ಉಳಿಯಿತು. ಅಲ್ಲಿಂದ ಆ ಸಂಜೆಯೆಲ್ಲ ಆಟೀನ್ ರಾಣಿ ಯಾರ ಕೈಲಿದೆ ಅಂತ ನಾಲ್ಕು ಜನಕ್ಕೂ ಗೊತ್ತು, ಯಾರೂ ಬಾಯಿ ಬಿಡಲಿಲ್ಲ, ಎಲ್ಲರೂ ಅವಳನ್ನು ಸಲೀಸಾಗಿ ಹಿಡಿಯುತ್ತಿದ್ದರು. ಮಾರನೆ ವಾರ ಹೊಸ ಪ್ಯಾಕು. ಹಲಸು ಈಗ ಕೆಳಗೆ ಪ್ರೆಸ್ಸಿನಲ್ಲಿ, ಆಟ ಮುಗಿದ ಮೇಲೆ.

ಹೊಸಬರು ಬಂದದ್ದು ನಾನು ಎಣಿಸದ ಕಡೆಯಿಂದ. ಎರಡು ಬೀದಿ ಆಚೆ ಪೇಯಿಂಗ್ ಗೆಸ್ಟ್ ಇರುವ ಕೇರಳದ ಹುಡುಗರು, ನರ್ಸಿಂಗ್ ಓದುವವರು, ಪ್ರಾಜೆಕ್ಟ್ ಬೈಂಡಿಂಗ್‌ಗೆ ಅಂತ ಬಂದು ಮೇಲಿನ ಗಲಾಟೆ ಕೇಳಿ ಹತ್ತಿ ನೋಡಿದರು. ಅವರಿಗೆ 'ಇಪ್ಪತ್ತೆಂಟು' ಅನ್ನುವ ಇಸ್ಪೀಟು ಆಟ ಗೊತ್ತು. ಅದರಲ್ಲೂ ಎದುರು ಪಾರ್ಟ್ನರ್, ಅದರಲ್ಲೂ ಕೂಗು, ತುರುಪು ಎಲ್ಲಾ ಇದೆ. ಹಾಗಾಗಿ ರಮ್ಮಿ ಆಡಿ ಬಂದ ನಮ್ಮವರಿಗೆ ತಿಂಗಳುಗಟ್ಟಲೆ ಹಿಡಿದದ್ದು ಅವರಿಗೆ ಕೆಲವೇ ವಾರದಲ್ಲಿ ಬಂತು. ಒಂದೇ ತೊಡಕು, ಇಪ್ಪತ್ತೆಂಟರಲ್ಲಿ ಗುಲಾಮನೇ ದೊಡ್ಡವನು, ಮೂರು ಅಂಕ ಅವನಿಗೆ, ಆಮೇಲೆ ಒಂಬತ್ತು. ಬ್ರಿಡ್ಜ್‌ನ ಲೆಕ್ಕದಲ್ಲಿ ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಬರೀ ಒಂದು. ಗುಲಾಮ ಬಂದ ಕೂಡಲೇ ಅವರ ಮುಖ ಅರಳುತ್ತಿತ್ತು, ಎದುರಾಳಿಗಳಿಗೆ ಅದೇ ಸಾಕು. ಭಾಷೆ ಅರ್ಧ ಕನ್ನಡ, ಅರ್ಧ ಮಲಯಾಳ, ಉಳಿದದ್ದಕ್ಕೆ ಬಿಡ್ಡಿಂಗ್ ಕಾರ್ಡು ಇದೆ. ನಮ್ಮ ಮೇಷ್ಟ್ರು ಈಗ ಅವರಲ್ಲೊಬ್ಬನನ್ನು ಬಿಟ್ಟು ಬೇರೆಯವರ ಜೊತೆ ಜೋಡಿ ಆಡಲು ಒಪ್ಪುವುದೇ ಇಲ್ಲ. ಚೀಟಿ ಎತ್ತಿ ಜೋಡಿ ಮಾಡುವ ನಮ್ಮ ಪದ್ಧತಿಗೆ ಅದೊಂದು ತಲೆನೋವು.

ಈಗ ನಡೆಯುತ್ತಿರುವ ಜಗಳ ಇನ್ನೊಂದು. ಇಬ್ಬರು ವರ್ಷದ ಪೂರ್ತಿ ಸ್ಕೋರು ಲೆಕ್ಕ ಹಾಕಿ ಮೊದಲನೆಯವರು, ಎರಡನೆಯವರು ಅಂತ ಹಾಳೆಯಲ್ಲಿ ಹಾಕಬೇಕು ಅನ್ನುತ್ತಿದ್ದಾರೆ. ನಾನು ಒಪ್ಪಿಲ್ಲ. ಮೇಲಿನ ಮೂರು ಹೆಸರಿಗೆ ಖುಷಿ ಆಗುತ್ತದೆ, ಕೆಳಗಿನ ಮೂವರು ಬರುವುದು ಬಿಡುತ್ತಾರೆ, ಆಮೇಲೆ ಪಶ್ಚಿಮಕ್ಕೆ ಕೂರಲು ಯಾರನ್ನು ಹುಡುಕಲಿ? ಅವರು ಕೇಳುವುದಿಲ್ಲ ಅಂತ ಗೊತ್ತಿದೆ, ವಾಚ್ ಫ್ಯಾಕ್ಟರಿಯವರು ಆಗಲೇ ಒಂದು ನೋಟ್‌ಬುಕ್ಕಿಗೆ ಗೆರೆ ಹೊಡೆದು ಅಂಕ ಬರೆದಿಡುತ್ತಿದ್ದಾರೆ. ಬರೆಯಲಿ. ನನ್ನ ಪ್ರೆಸ್ಸಿನಲ್ಲಂತೂ ಅದು ಅಚ್ಚಾಗುವುದಿಲ್ಲ.