ಜಾತ್ರೆಯ 3 ದಿನದಲ್ಲಿ 400 ಆಯುಷ್ಮಾನ್ ಕಾರ್ಡ್: ನನ್ನ ಅನುಭವ

ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗ್ರಾಮ ಒನ್ (ಸರ್ಕಾರಿ ಸೇವೆಗಳ ಕೇಂದ್ರ) ನಡೆಸುತ್ತೇನೆ. ಜಾತ್ರೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು, ಆಸ್ಪತ್ರೆ ಖರ್ಚಿಗೆ ಸರ್ಕಾರ ಕೊಡುವ ಆಯುಷ್ಮಾನ್ ಕಾರ್ಡ್ ಮಾಡುತ್ತೇನೆ ಅಂದಾಗ ಪಕ್ಕದೂರಿನ ಗೆಳೆಯರು "ತೇರು ಬಿಟ್ಟು ನಿನ್ನ ಹಂತೇಕ ಯಾರ್ ಬರ್ತಾರೋ ಮಾರಾಯಾ" ಅಂದಿದ್ದರು. ಈಗ ಅವರೇ ಫೋನ್ ಹಚ್ಚಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಮನೆಮನೆ ತಿರುಗಿದೆ. ಪೂರ್ತಿ ನಷ್ಟ. ಹಗಲು ಹೋದರೆ ಮಂದಿ ಹೊಲದಲ್ಲಿ. ದುಡಿಯುವ ಹುಡುಗರೆಲ್ಲ ಗೋವಾ, ಮಂಗಳೂರು. ಆಧಾರ್‌ಗೆ ಜೋಡಿಸಿದ ಮೊಬೈಲೂ ಅವರ ಜೇಬಲ್ಲೇ, ಇಲ್ಲಿ ನಾನು ಒಟಿಪಿಗೆ ಕಾಯುತ್ತಾ ಕೂರಬೇಕು, ಅಲ್ಲಿ ಅವರು ಕೆಲಸದಲ್ಲಿ ಫೋನ್ ಎತ್ತುವುದಿಲ್ಲ. ಮೆಣಸಿನಕಾಯಿ ಬಿಡಿಸಿ ಬಿಡಿಸಿ ಸವೆದ ಕೈಯ ಆಯಿ ಒಬ್ಬರು ಬೆರಳಚ್ಚು ಯಂತ್ರದ ಮೇಲೆ ಹತ್ತು ಸಲ ಬೆರಳಿಟ್ಟು, "ತಮ್ಮಾ, ನನ್ನ ಬೆರಳು ಏಳವಲ್ದು, ಬಿಡು" ಅಂತ ಎದ್ದು ಹೋದರು. ಎರಡು ತಿಂಗಳಿಗೆ ಪೆಟ್ರೋಲೇ 4,000 ರೂಪಾಯಿ ಹತ್ತಿರ ಆಯಿತು. ಆದ ಕಾರ್ಡ್ 90 ಇರಬೇಕು, ಅಷ್ಟೇ.

ಜಾತ್ರೆಗೆ ಗೋವಾದವರೂ ಬರುತ್ತಾರೆ, ಫೋನ್ ಸಮೇತ ಬರುತ್ತಾರೆ. ಇದು ಹೊಳೆಯೋಕೆ ನನಗೆ ಒಂದು ವರ್ಷ ಬೇಕಾಯಿತು.

ಆದರೆ ಜಾತ್ರೆ ದಿನ ಸುಮ್ನೆ ಕೂತರೆ ಆಗೋದಿಲ್ಲ. ಅಸಲಿ ಕೆಲಸ ಎರಡು ತಿಂಗಳು ಮೊದಲು. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಯಲ್ಲವ್ವ ಅನ್ನೋದನ್ನೇ ಮೂರು ಥರ ಬರೆದಿರುತ್ತಾರೆ. ಹಾಗಿದ್ದರೆ ಅರ್ಜಿ ಪೆಂಡಿಂಗ್‌ಗೆ ಬಿದ್ದು ಅಲ್ಲೇ ಕೊಳೆಯುತ್ತದೆ, ನಿಮಗೂ ಗೊತ್ತಲ್ವಾ. ನಾನು ರೇಷನ್ ಹಂಚುವ ದಿನ ಅಂಗಡಿ ಮುಂದೆ ಕೂತು, ಬಂದವರ ಎರಡೂ ಕಾರ್ಡ್ ಪಕ್ಕಪಕ್ಕ ಇಟ್ಟು ನೋಡಿದೆ. 600 ಮನೆಯಲ್ಲಿ ಸುಮಾರು 150 ಮನೆಯದು ತಪ್ಪಿತ್ತು. ಆಧಾರ್ ತಪ್ಪಿದ್ದವರನ್ನು ಆಧಾರ್ ಕೇಂದ್ರಕ್ಕೆ ಕಳಿಸಿದೆ. ರೇಷನ್ ತಿದ್ದುಪಡಿ ಸೈಟ್ ತೆರೆಯೋದೇ ಅಪರೂಪ, ತೆರೆದ ದಿನ ರಾತ್ರಿ ಒಂದರವರೆಗೂ ಕೂತಿದ್ದೆ.

ಇನ್ನೊಂದು ಪೆಟ್ಟು 2024ರ ನವೆಂಬರಿನದು. ಬಿಪಿಎಲ್ ಕಾರ್ಡು ರದ್ದು, ಎಪಿಎಲ್ ಅಂತ ಗದ್ದಲ ಆಯಿತಲ್ಲ, ನಮ್ಮೂರಲ್ಲೂ ಕೆಲವು ಮನೆ ಸಿಕ್ಕಿಬಿದ್ದವು. ಬಿಪಿಎಲ್ ಇದ್ದರೆ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರ) ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಕೂಲಿ ಮಾಡುವವರಿಗೆ ಉಳಿದ 70 ಎಲ್ಲಿಂದ ಬರಬೇಕು? ಆಮೇಲೆ ಸರ್ಕಾರ ಕಾರ್ಡು ವಾಪಸ್ ಕೊಟ್ಟಿತು. ಅಂದಿನಿಂದ ಕಾರ್ಡ್ ಮಾಡುವ ದಿನವೇ ರೇಷನ್ ಸ್ಥಿತಿ ಇನ್ನೊಮ್ಮೆ ನೋಡುತ್ತೇನೆ.

ಜಾತ್ರೆಗೆ ಎರಡು ಲ್ಯಾಪ್‌ಟಾಪ್, ಒಂದು ಹಳೆಯದು 14,000ಕ್ಕೆ ಕೊಂಡಿದ್ದು. ತಂಗಿ ಒಂದರಲ್ಲಿ, ನಾನು ಒಂದರಲ್ಲಿ. ಬೆಳಿಗ್ಗೆ 6ಕ್ಕೇ ಶುರು, ಬಿಸಿಲೇರಿದ ಮೇಲೆ ಸರ್ವರ್ ಎಳೆಯುವುದಿಲ್ಲ. ಬೆರಳು ಏಳದವರಿಗೆ ಮುಖದ ದೃಢೀಕರಣ. ವಯಸ್ಸಾದವರ ಬೆರಳು ಏಳಿಸಲು ನನ್ನದೇ ಒಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯೋದಿಲ್ಲ, ಊರಿಗೆ ಬಂದರೆ ತೋರಿಸುತ್ತೇನೆ. ಮೂರನೇ ದಿನ ಸಂಜೆಗೆ 400 ದಾಟಿತ್ತು. ಗದಗ ಜಿಲ್ಲೆಯಲ್ಲಿ ಜಾತ್ರೆಯಲ್ಲಿ ಇಷ್ಟು ಮಾಡಿದವರು ಇನ್ನೊಬ್ಬರಿದ್ದರೆ ಹೇಳಿ.

ದುಡ್ಡಿನ ಮಾತು. ಕಾರ್ಡಿನಿಂದ ಲಾಭ ಇಲ್ಲ. ಆದರೆ ಕಾರ್ಡಿಗೆ ಬಂದವರು ಪಹಣಿ, ಜಾತಿ, ಆದಾಯ ಪ್ರಮಾಣಪತ್ರಕ್ಕೆ ನನ್ನ ಹತ್ತಿರವೇ ಬರತೊಡಗಿದರು. ನಾಲ್ಕೈದು ತಿಂಗಳಲ್ಲಿ ಲ್ಯಾಪ್‌ಟಾಪ್ ದುಡ್ಡು ವಾಪಸ್ ಬಂತು.

ಕಾರ್ಡ್ ಕೊಟ್ಟು ಸುಮ್ಮನಿದ್ದದ್ದು ನನ್ನ ದೊಡ್ಡ ತಪ್ಪು. ನಮ್ಮ ಓಣಿಯ ಕಾಕಾ ಕಿಡ್ನಿ ಕಲ್ಲಿಗೆ ಕಾರ್ಡ್ ಹಿಡಿದು ನೇರ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಗೆ ಹೋದರು. ತುರ್ತಲ್ಲ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲ, ಬಂಗಾರ ಒತ್ತೆ ಇಟ್ಟು 60 ಸಾವಿರ ಕಟ್ಟಿದರು. ನಾನು ಮೊದಲೇ ಒಂದು ಮಾತು ಹೇಳಿದ್ದರೆ ಆ ಬಂಗಾರ ಮನೆಯಲ್ಲೇ ಇರುತ್ತಿತ್ತು. ವಾಟ್ಸಾಪ್‌ನಲ್ಲಿ ಆಡಿಯೊ ಕಳಿಸಿ ನೋಡಿದೆ, ಯಾರೂ ಕೇಳಲಿಲ್ಲ. ಈಗ ಪ್ರತಿ ಕಾರ್ಡಿನ ಹಿಂದೆ ಚೀಟಿ ಅಂಟಿಸುತ್ತೇನೆ: "ಮೊದಲು ಸರ್ಕಾರಿ ಆಸ್ಪತ್ರೆ, ರೆಫರಲ್ ತಗೊಳ್ಳಿ. ಜೀವಕ್ಕೆ ಅಪಾಯ ಇದ್ದರೆ ನೇರ ಹೋಗಿ, ಅಲ್ಲಿ ಕಾರ್ಡಿನವರಿಗೆ ಸಹಾಯ ಮಾಡುವ ಆರೋಗ್ಯಮಿತ್ರ ಎಲ್ಲಿ ಅಂತ ಕೇಳಿ. ಬರೀ ತೋರಿಸಿಕೊಂಡು ಗುಳಿಗೆ ತರೋಕೆ ಈ ಕಾರ್ಡ್ ನಡೆಯೋದಿಲ್ಲ." ಹೋದ ತಿಂಗಳು ಒಬ್ಬ ಅಕ್ಕ ಆ ಚೀಟಿ ನೋಡಿಯೇ ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್‌ಗೆ ಹೋದರು. ಆಪರೇಷನ್ ಅಲ್ಲೇ ಆಯಿತು, ಒಂದು ರೂಪಾಯಿ ಕಟ್ಟಲಿಲ್ಲ.

ಪಟ್ಟಿಯಲ್ಲಿ ಇನ್ನೂ 200 ಹೆಸರಿದೆ, ಹೆಚ್ಚಿನವರು ಗೋವಾದಲ್ಲೇ. ಮುಂದಿನ ಜಾತ್ರೆಗೆ ಆಧಾರ್ ತರಲು ಮರೆಯಬೇಡಿ ಅಂತ ಈಗಿನಿಂದಲೇ ಫೋನ್ ಹಚ್ಚುತ್ತಿದ್ದೇನೆ.